ಹಲ್ಲಿ, ಓತಿಗಳನ್ನು ಕಾಡುವ ಮಲೇರಿಯಾ

ಮಲೇರಿಯಾ ಅಂದ ತಕ್ಷಣ ನಮಗೆ ಹೊಳೆಯುವುದು ಮೂರೇ: ಮನುಷ್ಯ, ಅನಾಫಿಲಿಸ್ ಸೊಳ್ಳೆ, ನಡುಗಿಸುವ ಚಳಿಜ್ವರ. ಇದು ತಪ್ಪಲ್ಲ, ಆದರೆ ಇಷ್ಟೇ ಅಲ್ಲ. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಎಂಬ ಕುಲದಲ್ಲಿ 200ಕ್ಕೂ ಜಾಸ್ತಿ ಪ್ರಭೇದಗಳಿವೆ. ಅವುಗಳಲ್ಲಿ ಮನುಷ್ಯರ ತಂಟೆಗೆ ಬರುವವು ಬೆರಳೆಣಿಕೆಯಷ್ಟು. ಉಳಿದವು ಮಂಗ, ಇಲಿ, ಹಕ್ಕಿಗಳ ಮೈಯಲ್ಲಿ ಬದುಕುತ್ತವೆ. ಸರೀಸೃಪಗಳ ಪಾಲೂ ದೊಡ್ಡದೇ. ಹಲ್ಲಿ, ಓತಿ, ಹಾವುರಾಣಿ ಈ ಗುಂಪಿನ ಪ್ರಾಣಿಗಳಲ್ಲೇ ಸುಮಾರು 100 ಪ್ರಭೇದಗಳು ಸಿಕ್ಕಿವೆ.

ಎಲ್ಲರೂ ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹಲ್ಲಿಯ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಗೋಡೆ ಮೇಲಿನ ಹಲ್ಲಿ ಕಂಡು ಗಾಬರಿಯಾಗಬೇಕಾಗಿಲ್ಲ. ಒಂದು ಪರಾವಲಂಬಿ ಯಾವ ಪ್ರಾಣಿಯ ರಕ್ತಕಣದೊಳಗೆ ನುಗ್ಗಬಲ್ಲದು ಅನ್ನುವುದಕ್ಕೆ ಕಟ್ಟುನಿಟ್ಟಾದ ಮಿತಿ ಇದೆ. ಕಣದ ಹೊರಮೈಯಲ್ಲಿರುವ ಪ್ರೋಟೀನುಗಳು ಹೊಂದಿಕೆಯಾಗದಿದ್ದರೆ ಒಳಗೆ ದಾರಿಯೇ ಇಲ್ಲ.

ಹಾಗಾದರೆ ಇದನ್ನು ತಿಳಿದು ಏನಾಗಬೇಕು? ಮನುಷ್ಯರ ಮಲೇರಿಯಾವನ್ನು ನಾವು ಆಸ್ಪತ್ರೆಯಲ್ಲಿ, ಔಷಧಿಯ ನಡುವೆ ನೋಡುತ್ತೇವೆ. ಓತಿಗೆ ಡಾಕ್ಟರೂ ಇಲ್ಲ, ಸೊಳ್ಳೆಪರದೆಯೂ ಇಲ್ಲ. ಪರಾವಲಂಬಿಯೂ ಅದರ ಆಸರೆ ಪ್ರಾಣಿಯೂ ತಮ್ಮ ಪಾಡಿಗೆ ಬಿಟ್ಟರೆ ಒಂದರ ಬದುಕನ್ನು ಇನ್ನೊಂದು ಹೇಗೆ ಬದಲಿಸುತ್ತವೆ ಎಂದು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ಕಾಣುವುದು ಧಡಕ್ಕನೆ ಬರುವ ಸಾವಲ್ಲ. ಉಸಿರಿನಲ್ಲಿ ಸ್ವಲ್ಪ, ಕೊಬ್ಬಿನಲ್ಲಿ ಸ್ವಲ್ಪ, ಮೊಟ್ಟೆಯಲ್ಲಿ ಒಂದೆರಡು, ಹೀಗೆ ಸೋರಿಹೋಗುವ ಬದುಕು.

ಒಂದು ಹನಿ ರಕ್ತದಲ್ಲಿ

ಓತಿಯ ಕಾಲ್ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಜಿಯೆಮ್ಸಾ ಎಂಬ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ದೊಡ್ಡದು ಮಾಡಿ ನೋಡಬೇಕು. ಮನುಷ್ಯರ ರಕ್ತ ನೋಡಿ ಅಭ್ಯಾಸವಿದ್ದವರಿಗೆ ಮೊದಲು ಆಶ್ಚರ್ಯವಾಗುವುದು ಕೆಂಪು ರಕ್ತಕಣಗಳನ್ನು ಕಂಡು. ನಮ್ಮವು ದುಂಡಗೆ, ನಡುವೆ ತಗ್ಗಾಗಿ, ಕೋಶಕೇಂದ್ರವಿಲ್ಲದೆ ಇರುತ್ತವೆ. ಓತಿಯವು ಅಂಡಾಕಾರ. ಪ್ರತಿಯೊಂದರ ನಡುವೆಯೂ ನೇರಳೆ ಬಣ್ಣದ ಕೋಶಕೇಂದ್ರ ಎದ್ದು ಕಾಣುತ್ತದೆ. ಎಲ್ಲ ಸರೀಸೃಪಗಳಲ್ಲೂ, ಹಕ್ಕಿಗಳಲ್ಲೂ ಹೀಗೇ.

ಸೋಂಕು ತಗುಲಿದ ಕಣದಲ್ಲಿ ಆ ಕೋಶಕೇಂದ್ರದ ಪಕ್ಕ ಇನ್ನೊಂದು ಜೀವ ಕೂತಿರುತ್ತದೆ. ಅದರ ಮೈ ನೀಲಿ, ಒಳಗಿನ ವರ್ಣತಂತು ಕೆಂಪು. ಬೆಳೆದಂತೆಲ್ಲ ಅದು ಕಣದ ಸ್ವಂತ ಕೋಶಕೇಂದ್ರವನ್ನೇ ಬದಿಗೆ ತಳ್ಳುವುದುಂಟು. ಕೆಲವೆಡೆ ಅದರ ಮೈಯಲ್ಲಿ ಕಂದುಗಪ್ಪಿನ ಸಣ್ಣ ಕಾಳುಗಳು ಕಾಣುತ್ತವೆ. ಇವು ಹಿಮೋಝೋಯಿನ್. ಪರಾವಲಂಬಿಯ ಊಟ ಹಿಮೋಗ್ಲೋಬಿನ್. ಅದನ್ನು ಜೀರ್ಣಿಸಿಕೊಂಡಾಗ ಉಳಿಯುವ ಕಬ್ಬಿಣಾಂಶದ ಹೀಮ್ ಪರಾವಲಂಬಿಗೇ ವಿಷ. ಹಾಗಾಗಿ ಅದನ್ನು ಹರಳುಗಟ್ಟಿಸಿ ಒಂದು ಕಡೆ ಇಟ್ಟುಕೊಳ್ಳುತ್ತದೆ. 1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಯ ರಕ್ತದಲ್ಲಿ ಮೊದಲ ಬಾರಿ ಪರಾವಲಂಬಿಯನ್ನು ಗುರುತಿಸಿದಾಗ ಅವರು ಬೆನ್ನು ಹತ್ತಿದ್ದು ಇದೇ ಕಪ್ಪು ಕಾಳುಗಳನ್ನು.

ಹಲ್ಲಿ, ಓತಿಗಳ ಪ್ಲಾಸ್ಮೋಡಿಯಂಗಳಿಗೆ ಹೆಸರಿಡುವ ಕೆಲಸ 1909ರ ಹೊತ್ತಿಗೆ ಶುರುವಾಗಿತ್ತು. ಆ ವರ್ಷ ವೆನ್ಯನ್ ಆಫ್ರಿಕಾದ ಪ್ರಾಣಿಗಳಲ್ಲಿ, ಅರಗಾವೊ ಮತ್ತು ನೇವಾ ಬ್ರೆಜಿಲ್‌ನ ಪ್ರಾಣಿಗಳಲ್ಲಿ ಇವನ್ನು ವಿವರಿಸಿದರು.

ಕಚ್ಚುವ ಕೀಟದಿಂದ ಕಚ್ಚುವ ಕೀಟಕ್ಕೆ

ಬದುಕಿನ ಚಕ್ರ ಮೋಟಾಮೋಟಿಯಾಗಿ ಮನುಷ್ಯರ ಮಲೇರಿಯಾದಂತೆಯೇ. ಕೀಟ ಕಚ್ಚಿದಾಗ ಅದರ ಜೊಲ್ಲಿನ ಜೊತೆ ಸ್ಪೋರೋಝಾಯಿಟ್ ಎಂಬ ಸೂಜಿಯಂಥ ಹಂತ ಮೈಗೆ ಇಳಿಯುತ್ತದೆ. ಮನುಷ್ಯರಲ್ಲಿ ಅದು ನೇರ ಯಕೃತ್ತಿಗೆ ಹೋಗಿ ಅಲ್ಲಿನ ಕೋಶಗಳಲ್ಲಿ ಹೆಚ್ಚುತ್ತದೆ. ಸರೀಸೃಪಗಳಲ್ಲಿ ಯಕೃತ್ತಿನ ಕೋಶಗಳೇ ಬೇಕೆಂದಿಲ್ಲ. ರಕ್ತನಾಳದ ಒಳಪದರ, ಜೋಡಿಸುವ ಅಂಗಾಂಶ, ಹೀಗೆ ಬೇರೆ ಬೇರೆ ಕೋಶಗಳಲ್ಲಿ ಅದು ಬೆಳೆಯುತ್ತದೆ. ಆಮೇಲೆ ರಕ್ತಕ್ಕೆ ಬರುತ್ತದೆ. ಕೆಂಪು ಕಣದೊಳಗೆ ಹೊಕ್ಕು, ಹಲವು ಮರಿಗಳಾಗಿ ಒಡೆದು, ಹೊರಬಂದು, ಮತ್ತೆ ಹೊಸ ಕಣಗಳಿಗೆ ನುಗ್ಗುತ್ತದೆ. ಕೆಲವು ಮಾತ್ರ ಹೀಗೆ ಒಡೆಯದೆ ಗಂಡು ಅಥವಾ ಹೆಣ್ಣು ಗ್ಯಾಮಿಟೋಸೈಟ್‌ಗಳಾಗುತ್ತವೆ. ಇವು ಓತಿಯ ಮೈಯಲ್ಲಿ ಮುಂದೇನೂ ಮಾಡುವುದಿಲ್ಲ. ಕೀಟವೊಂದು ರಕ್ತ ಹೀರಿದಾಗ ಅದರ ಹೊಟ್ಟೆಯಲ್ಲಿ ಇವು ಕೂಡುತ್ತವೆ, ಗೋಡೆಯಲ್ಲಿ ಗಂಟುಕಟ್ಟಿ ಬೆಳೆಯುತ್ತವೆ, ಹೊಸ ಸ್ಪೋರೋಝಾಯಿಟ್‌ಗಳು ಹುಟ್ಟಿ ಜೊಲ್ಲುಗ್ರಂಥಿ ಸೇರುತ್ತವೆ.

ದೊಡ್ಡ ವ್ಯತ್ಯಾಸ ಇರುವುದು ಬಿಸಿಯಲ್ಲಿ. ನಮ್ಮ ಮೈ ಹಗಲೂ ರಾತ್ರಿಯೂ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕೇ ವೈವಾಕ್ಸ್‌ನಂಥ ಪ್ರಭೇದಗಳು 48 ಗಂಟೆಗೊಮ್ಮೆ ಲೆಕ್ಕ ಇಟ್ಟಂತೆ ಕಣಗಳನ್ನು ಒಡೆದು ಜ್ವರ ತರಬಲ್ಲವು. ಓತಿಯ ಮೈ ಬಿಸಿಲಿಗೆ ಕಾಯುತ್ತದೆ, ರಾತ್ರಿ ಬಿಲದಲ್ಲಿ ತಣ್ಣಗಾಗುತ್ತದೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ತಣ್ಣಗೇ ಇರುತ್ತದೆ. ಪರಾವಲಂಬಿಯ ಬೆಳವಣಿಗೆಯೂ ಅದರ ಜೊತೆಗೇ ಏರುತ್ತದೆ, ಇಳಿಯುತ್ತದೆ. ಸೋಂಕು ರಕ್ತದಲ್ಲಿ ತುಂಬಿಕೊಳ್ಳಲು ವಾರಗಳು, ತಿಂಗಳುಗಳು ಬೇಕು.

ಹೊತ್ತೊಯ್ಯುವ ಕೀಟ ಯಾವುದು ಎಂಬ ಪ್ರಶ್ನೆ ಬಹಳ ಕಾಲ ಉಳಿದಿತ್ತು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಮರುವರ್ಷ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು ಇಡೀ ಚಕ್ರವನ್ನು ಬಿಡಿಸಿದರು. ಅಲ್ಲಿಂದ ಮುಂದೆ ಮಲೇರಿಯಾ ಎಂದರೆ ಸೊಳ್ಳೆ ಎಂದೇ ಆಯಿತು. ಮನುಷ್ಯರಿಗೆ ಅನಾಫಿಲಿಸ್, ಹಕ್ಕಿಗಳಿಗೆ ಹೆಚ್ಚಾಗಿ ಕ್ಯೂಲೆಕ್ಸ್. 1970ರಲ್ಲಿ ಕ್ಯಾಲಿಫೋರ್ನಿಯಾದ ಓತಿಗಳ ಮೇಲೆ ಕೆಲಸ ಮಾಡುತ್ತಿದ್ದ ಅಯಾಲಾ ಮತ್ತು ಲೀ ಬೇರೆಯದೇ ಉತ್ತರ ತೋರಿಸಿದರು. ಅಲ್ಲಿನ ಪ್ಲಾಸ್ಮೋಡಿಯಂ ಮೆಕ್ಸಿಕಾನಂ ಪೂರ್ತಿ ಬೆಳೆದು ಸ್ಪೋರೋಝಾಯಿಟ್ ಆಗುವುದು ಮರಳುನೊಣದಲ್ಲಿ. ಲುಟ್ಜೋಮಿಯಾ ವೆಕ್ಸೇಟರ್, ಲುಟ್ಜೋಮಿಯಾ ಸ್ಟೀವರ್ಟಿ ಎಂಬ ಎರಡು ಜಾತಿಗಳಲ್ಲಿ ಅದು ಕಂಡಿತು. ಮರಳುನೊಣ ಎಂದರೆ ಎರಡು ಮೂರು ಮಿಲಿಮೀಟರಿನ, ಮೈತುಂಬ ರೋಮವಿರುವ, ಸದ್ದಿಲ್ಲದೆ ಕಚ್ಚುವ ಪುಟ್ಟ ಕೀಟ. ಸೊಳ್ಳೆಗೂ ಇದಕ್ಕೂ ದೂರದ ನಂಟಷ್ಟೇ. ಹಗಲು ಹೊತ್ತು ನೆಲ ಅಳಿಲುಗಳು ತೋಡಿದ ಬಿಲಗಳಲ್ಲಿ ತಣ್ಣಗೆ ಕೂತಿರುತ್ತದೆ. ಅಂದರೆ ಈ ಓತಿಯ ಮಲೇರಿಯಾ ನಡೆಯಬೇಕಾದರೆ ಓತಿ, ಪರಾವಲಂಬಿ, ನೊಣ ಮೂರಿದ್ದರೆ ಸಾಲದು, ಬಿಲ ತೋಡುವ ಅಳಿಲೂ ಇದ್ದರೆ ಅನುಕೂಲ.

ಓತಿಗೆ ಆಗುವುದೇನು

ಈ ವಿಷಯದಲ್ಲಿ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಒಂದೇ ಜಾಗದಿಂದ ಬಂದಿದೆ. ಉತ್ತರ ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಓಕ್ ಮರಗಳ ಗುಡ್ಡಗಳು, ಒಣ ಹುಲ್ಲು, ಬಂಡೆ, ಬಿದ್ದ ಮರದ ದಿಮ್ಮಿ. ಅವುಗಳ ಮೇಲೆಲ್ಲ ವೆಸ್ಟರ್ನ್ ಫೆನ್ಸ್ ಲಿಜರ್ಡ್ ಎಂಬ ಓತಿ ಬಿಸಿಲು ಕಾಯಿಸುತ್ತಿರುತ್ತದೆ. ಬೇಲಿಕಂಬಗಳ ಮೇಲೆ ಸದಾ ಕಾಣುವುದರಿಂದ ಬಂದ ಹೆಸರು ಅದು. ಇಲ್ಲಿ ಬೇಲಿ ಓತಿ ಎಂದೇ ಕರೆಯುತ್ತೇನೆ. ವರ್ಮಾಂಟ್ ವಿಶ್ವವಿದ್ಯಾಲಯದ ಜೋಸ್ ಶಾಲ್ 1970ರ ದಶಕದ ಕೊನೆಯಿಂದ ದಶಕಗಟ್ಟಲೆ ಇವನ್ನು ಹಿಡಿದು, ರಕ್ತ ನೋಡಿ, ಬಿಟ್ಟು, ಮತ್ತೆ ಹಿಡಿದು ಅಧ್ಯಯನ ಮಾಡಿದರು.

1982ರಲ್ಲಿ ಅವರು ಸಂಗಡಿಗರ ಜೊತೆ ಪ್ರಕಟಿಸಿದ ಅಳತೆಗಳು ಈಗಲೂ ಓದುವಂತಿವೆ. ಸೋಂಕು ತಗುಲಿದ ಓತಿಯ ಕೆಂಪು ಕಣಗಳಲ್ಲಿ ಶೇ. 1ರಿಂದ 30ರಷ್ಟು ಪರಾವಲಂಬಿಯ ಪಾಲು. ನಾಶವಾದ ಕಣಗಳ ಜಾಗ ತುಂಬಲು ಮೈ ಅವಸರದಲ್ಲಿ ಎಳೆಯ ಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಲ್ಲಿ ಇನ್ನೂ ಸಾಕಷ್ಟು ಹಿಮೋಗ್ಲೋಬಿನ್ ತುಂಬಿರುವುದಿಲ್ಲ. ಒಟ್ಟಾರೆ ಹಿಮೋಗ್ಲೋಬಿನ್ ಶೇ. 25ರಷ್ಟು ಕುಸಿಯುತ್ತದೆ. ಪೂರ್ತಿ ಶಕ್ತಿ ಹಾಕಿದಾಗ ಮೈ ಬಳಸಬಲ್ಲ ಆಮ್ಲಜನಕ ಶೇ. 15ರಷ್ಟು ಇಳಿಯುತ್ತದೆ.

ಇದರ ಪರಿಣಾಮ ಓಟದಲ್ಲಿ ಕಾಣುತ್ತದೆ, ಅದೂ ಒಂದು ಬಗೆಯ ಓಟದಲ್ಲಿ ಮಾತ್ರ. ಓತಿ ಸರಕ್ಕನೆ ಜಿಗಿದು ಓಡುವ ಮೊದಲ ಕ್ಷಣದ ವೇಗ ಸೋಂಕಿನಿಂದ ಕಡಿಮೆಯಾಗಲಿಲ್ಲ. ಆ ಮಿಂಚಿನ ಓಟಕ್ಕೆ ಸ್ನಾಯುಗಳು ಆಮ್ಲಜನಕಕ್ಕಾಗಿ ಕಾಯುವುದೇ ಇಲ್ಲ. ಆದರೆ ಓಟ ಮುಂದುವರಿದಾಗ ರೋಗಿ ಓತಿ ಬೇಗ ಸುಸ್ತಾಗುತ್ತದೆ. ಮೈಮೇಲೆ ಹಕ್ಕಿ ಎರಗಿದಾಗ ಬಂಡೆ ಸಂದಿಗೆ ನುಸುಳಲು ಮೊದಲಿನ ವೇಗವೇ ಸಾಕಾಗಬಹುದು. ಆದರೆ ದಿನವಿಡೀ ಹುಳ ಹಿಡಿಯಬೇಕು, ಗಡಿ ಕಾಯಬೇಕು, ಎದುರಾಳಿಯನ್ನು ಅಟ್ಟಬೇಕು. ಅದಕ್ಕೆಲ್ಲ ದಮ್ಮು ಬೇಕು, ಅಲ್ವಾ? ಕಡಿಮೆಯಾಗುವುದು ಅದೇ.

ಹೆಣ್ಣು ಓತಿ ಬೇಸಿಗೆಯಲ್ಲಿ ತಿಂದು ಕೊಬ್ಬು ಶೇಖರಿಸಿಕೊಳ್ಳುತ್ತದೆ. ಚಳಿಗಾಲ ಕಳೆದು ಮುಂದಿನ ವಸಂತದಲ್ಲಿ ಮೊಟ್ಟೆ ಕಟ್ಟುವುದು ಆ ಕೊಬ್ಬಿನಿಂದಲೇ. ಸೋಂಕಿರುವ ಹೆಣ್ಣಿನಲ್ಲಿ ಈ ದಾಸ್ತಾನು ಕಡಿಮೆ. ಹಾಗಾಗಿ ಮರುವರ್ಷ ಒಂದೆರಡು ಮೊಟ್ಟೆಗಳೂ ಕಡಿಮೆ. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ ಈ ಸೋಂಕು ವಾಸಿಯಾಗಿ ಹೋಗುವಂಥದ್ದಲ್ಲ, ಸಾಮಾನ್ಯವಾಗಿ ಬದುಕಿರುವವರೆಗೂ ಇರುತ್ತದೆ. ಬೇಲಿ ಓತಿಯ ಆಯಸ್ಸೋ ಕೆಲವೇ ವರ್ಷ. ಸಿಗುವ ಕೆಲವೇ ಮೊಟ್ಟೆಗಾಲಗಳಲ್ಲಿ ಪ್ರತಿ ಸಲವೂ ಒಂದೆರಡು ಮರಿ ಕಡಿಮೆ ಎಂದರೆ ಅದು ದೊಡ್ಡ ನಷ್ಟವೇ.

ಗಂಡಿನ ಕಥೆ ಇನ್ನೂ ವಿವರವಾಗಿ ಗೊತ್ತಿದೆ. ಬೇಲಿ ಓತಿಯ ಗಂಡಿಗೆ ಹೊಟ್ಟೆಯ ಬದಿಯಲ್ಲಿ, ಗಂಟಲಲ್ಲಿ ನೀಲಿ ಬಣ್ಣ. ಬಂಡೆ ಏರಿ ಮುಂಗಾಲ ಮೇಲೆ ದಂಡ ಹೊಡೆದಂತೆ ಮೈ ಎತ್ತಿ ಇಳಿಸಿ ಆ ನೀಲಿಯನ್ನು ತೋರಿಸುತ್ತದೆ. ಹೆಣ್ಣಿಗೆ ಅದು ಕರೆ, ಇನ್ನೊಂದು ಗಂಡಿಗೆ ಎಚ್ಚರಿಕೆ. ಮಲೇರಿಯಾ ಇರುವ ಗಂಡು ಈ ದಂಡ ಹೊಡೆಯುವುದು ಕಡಿಮೆ. ಗಂಡುಗಂಡುಗಳ ಪೈಪೋಟಿಯಲ್ಲಿ ಹಿಂದೆ ಬೀಳುವುದು ಜಾಸ್ತಿ. ಅದರ ವೃಷಣ ಚಿಕ್ಕದು, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ. ಬಣ್ಣದಲ್ಲೂ ವ್ಯತ್ಯಾಸ: ಹೊಟ್ಟೆಯ ಮೇಲೆ ತಿಳಿನೀಲಿ ತಗ್ಗಿ ಕಪ್ಪು ಹರಡಿರುತ್ತದೆ. ರಕ್ತಕಣದೊಳಗೆ ಕೂತ ಒಂದೇ ಕೋಶದ ಜೀವಿಯ ಕೆಲಸ ಓತಿಯ ಹೊಟ್ಟೆಯ ಬಣ್ಣದವರೆಗೂ ಮುಟ್ಟುತ್ತದೆ ಎನ್ನುವುದು ನನಗೆ ಎಷ್ಟು ಸಲ ಓದಿದರೂ ಬೆರಗಿನ ವಿಷಯ.

ಹಳೆಯ ನಂಟು ಮೃದುವಾಗಿರಲೇಬೇಕೇ?

ಬಹಳ ಕಾಲ ಒಂದು ನಂಬಿಕೆ ಇತ್ತು. ಪರಾವಲಂಬಿ ಮತ್ತು ಆಸರೆ ಪ್ರಾಣಿ ಎಷ್ಟು ಹಳಬರೋ ಅಷ್ಟು ಹೊಂದಿಕೊಂಡಿರುತ್ತಾರೆ, ಹಳೆಯ ರೋಗ ಕ್ರಮೇಣ ಸಾಧುವಾಗುತ್ತದೆ, ತನ್ನ ಮನೆಯನ್ನು ತಾನೇ ಸುಡುವ ಪರಾವಲಂಬಿ ಉಳಿಯುವುದಿಲ್ಲ ಎಂದು. ಹೇಳಲು ಚೆನ್ನಾಗಿದೆ. ಹಲ್ಲಿ, ಓತಿಗಳ ಮಲೇರಿಯಾ ತುಂಬಾ ಹಳೆಯ ನಂಟು. ಆದರೂ ಬೇಲಿ ಓತಿಗೆ ಬೀಳುವ ಪೆಟ್ಟು ಕಣ್ಣಿಗೆ ಕಾಣುವಷ್ಟಿದೆ. ಪರಾವಲಂಬಿಗೆ ಲಾಭ ಇರುವುದು ಆಸರೆ ಪ್ರಾಣಿಯ ಆರೋಗ್ಯದಲ್ಲಲ್ಲ, ಮುಂದಿನ ನೊಣಕ್ಕೆ ದಾಟುವುದರಲ್ಲಿ. ರಕ್ತದಲ್ಲಿ ಗ್ಯಾಮಿಟೋಸೈಟ್ ಜಾಸ್ತಿ ಇದ್ದಷ್ಟೂ ದಾಟುವ ಅವಕಾಶ ಜಾಸ್ತಿ. ಜಾಸ್ತಿ ಇರಬೇಕೆಂದರೆ ಕಣಗಳು ಹಾಳಾಗಲೇಬೇಕು.

ಹಾಗಂತ ಎಲ್ಲ ಕಡೆ ಒಂದೇ ಮಟ್ಟದ ಹಾನಿ ಇಲ್ಲ. ಪೋರ್ಟೊ ರಿಕೊದ ಮಳೆಕಾಡಿನಲ್ಲಿ ಅನೋಲಿಸ್ ಗುಂಡ್ಲಾಕಿ ಎಂಬ ಹಲ್ಲಿಯಿದೆ. ಅಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದಾಗ ಗಂಡುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದಕ್ಕೆ ಸೋಂಕು ಕಂಡಿತು, ಹೆಣ್ಣುಗಳಲ್ಲಿ ಅದಕ್ಕಿಂತ ಕಡಿಮೆ. ಇಷ್ಟು ಸೋಂಕಿದ್ದರೂ ಅವುಗಳ ಮೈಕಟ್ಟಿನಲ್ಲಿ ಅಷ್ಟೇನೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಹಾನಿ ಎನ್ನುವುದು ಪರಾವಲಂಬಿಯ ಹುಟ್ಟುಗುಣವಲ್ಲ. ಯಾವ ಪ್ರಾಣಿ, ಯಾವ ಹವೆ, ದಾಟಿಸುವ ಕೀಟ ಎಷ್ಟು ಕಾಲ ಸಿಗುತ್ತದೆ, ಇವೆಲ್ಲ ಸೇರಿ ಅದು ತೀರ್ಮಾನವಾಗುತ್ತದೆ.

ಬಲಶಾಲಿಯನ್ನು ತಗ್ಗಿಸಿದ ಪರಾವಲಂಬಿ

ನನಗೆ ಅತಿ ಇಷ್ಟವಾದ ಉದಾಹರಣೆ ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪದ್ದು. ಅಲ್ಲಿ ಎರಡು ಅನೋಲಿಸ್ ಹಲ್ಲಿಗಳಿವೆ. ಒಂದು ಅನೋಲಿಸ್ ಜಿಂಜಿವೈನಸ್, ದ್ವೀಪದ ತುಂಬ ಹರಡಿದೆ. ಇನ್ನೊಂದನ್ನು ಆಗ ಅನೋಲಿಸ್ ವಾಟ್ಸಿ ಎನ್ನುತ್ತಿದ್ದರು, ಈಗ ಅನೋಲಿಸ್ ಪೋಗಸ್. ಇದು ನಡುವಿನ ಗುಡ್ಡಗಳಲ್ಲೇ ಹೆಚ್ಚು. ಇಬ್ಬರಿಗೂ ಬೇಕಾದ್ದು ಅದೇ ಹುಳ, ಅದೇ ಜಾಗ. ಪಕಾಲಾ ಮತ್ತು ರಫ್‌ಗಾರ್ಡನ್ 1980ರ ದಶಕದಲ್ಲಿ ಬೇಲಿ ಕಟ್ಟಿ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದ್ದರು. ಪೈಪೋಟಿ ಜೋರಾಗಿಯೇ ಇತ್ತು, ಮೇಲುಗೈ ಜಿಂಜಿವೈನಸ್‌ದು. ಹಾಗಿದ್ದ ಮೇಲೆ ದುರ್ಬಲ ಹಲ್ಲಿ ಪೂರ್ತಿ ಯಾಕೆ ಅಳಿಯಲಿಲ್ಲ?

ಶಾಲ್ ದ್ವೀಪದ ಬೇರೆ ಬೇರೆ ಜಾಗಗಳಲ್ಲಿ ಎರಡರ ರಕ್ತವನ್ನೂ ನೋಡಿ 1992ರಲ್ಲಿ ಉತ್ತರ ಮುಂದಿಟ್ಟರು. ಪ್ಲಾಸ್ಮೋಡಿಯಂ ಅಝುರೋಫೀಲಂ ಜಿಂಜಿವೈನಸ್‌ಗೆ ಸಾಕಷ್ಟು ತಗುಲುತ್ತದೆ, ಇನ್ನೊಂದಕ್ಕೆ ಅಪರೂಪ. ಮಲೇರಿಯಾ ಇಲ್ಲದ ಕಡೆ ಜಿಂಜಿವೈನಸ್ ಒಂದೇ. ಅದಕ್ಕೆ ಮಲೇರಿಯಾ ಇರುವ ಕಡೆ ಇನ್ನೊಂದು ಹಲ್ಲಿಯೂ ಇದೆ. ಕೆಲವೇ ನೂರು ಮೀಟರ್ ಅಂತರದಲ್ಲೂ ಈ ಹೊಂದಾಣಿಕೆ ಕಾಣುತ್ತಿತ್ತು. ಬಲಶಾಲಿಯ ದಮ್ಮನ್ನು ಪರಾವಲಂಬಿ ತಗ್ಗಿಸಿದಾಗ ದುರ್ಬಲನಿಗೆ ಕಾಲೂರಲು ಜಾಗ ಸಿಗುತ್ತದೆ ಎನ್ನುವುದು ಇದರ ಅರ್ಥ. ಇದು ನಕ್ಷೆಯ ಮೇಲಿನ ಹೊಂದಾಣಿಕೆ ಎಂಬುದನ್ನು ಮರೆಯಬಾರದು. ಎರಡು ಸಂಗತಿ ಒಂದೇ ಜಾಗದಲ್ಲಿ ಕಂಡವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಬೀತಾಗುವುದಿಲ್ಲ. ಆದರೂ ಇದಕ್ಕಿಂತ ಸರಳ ವಿವರಣೆ ನನಗೆ ಕಾಣುವುದಿಲ್ಲ.

ಈ ಅಝುರೋಫೀಲಂನದೇ ಇನ್ನೊಂದು ಕಥೆಯಿದೆ. ಇದು ಕೆಂಪು ಕಣದಲ್ಲೂ ಬಿಳಿ ಕಣದಲ್ಲೂ ಬದುಕುವ ಒಂದೇ ಪ್ರಭೇದ ಎಂದು ಎಲ್ಲರೂ ನಂಬಿದ್ದರು. 2000ದಲ್ಲಿ ಸೂಸನ್ ಪರ್ಕಿನ್ಸ್ ಡಿಎನ್‌ಎ ಹೋಲಿಸಿ ನೋಡಿದರು. ಇದ್ದದ್ದು ಒಂದಲ್ಲ, ಎರಡು. ಒಂದು ಕೆಂಪು ಕಣದ್ದು, ಒಂದು ಬಿಳಿ ಕಣದ್ದು. ಬಿಳಿ ಕಣದ್ದಕ್ಕೆ ಆಮೇಲೆ ಪ್ಲಾಸ್ಮೋಡಿಯಂ ಲ್ಯೂಕೋಸೈಟಿಕಾ ಎಂದು ಹೆಸರಾಯಿತು. ಬಿಳಿ ಕಣದಲ್ಲಿ ಹಿಮೋಗ್ಲೋಬಿನ್ ಇಲ್ಲವೇ ಇಲ್ಲ. ಮಲೇರಿಯಾ ಪರಾವಲಂಬಿ ಎಂದರೆ ಹಿಮೋಗ್ಲೋಬಿನ್ ತಿಂದು ಬದುಕುವ ಜೀವಿ ಎಂದುಕೊಂಡವರಿಗೆ ಇದು ಯೋಚಿಸುವಂಥ ಸಂಗತಿ.

ವಂಶವೃಕ್ಷದಲ್ಲಿ ಹಲ್ಲಿಗಳ ಕೊಂಬೆ

ಡಿಎನ್‌ಎ ಬಂದ ಮೇಲೆ ಇವುಗಳ ವಂಶವೃಕ್ಷವೂ ಸ್ಪಷ್ಟವಾಗುತ್ತಾ ಬಂತು. ಸಸ್ತನಿಗಳ ಪ್ಲಾಸ್ಮೋಡಿಯಂಗಳು ಒಂದು ಗುಂಪು. ಹಕ್ಕಿ ಮತ್ತು ಹಲ್ಲಿಗಳವು ಒಂದರೊಳಗೊಂದು ಬೆರೆತ ಇನ್ನೊಂದು ಗುಂಪು. ಅಂದರೆ ಹಕ್ಕಿಯಿಂದ ಹಲ್ಲಿಗೆ, ಹಲ್ಲಿಯಿಂದ ಹಕ್ಕಿಗೆ ಇವು ಹಿಂದೆ ಒಂದಕ್ಕಿಂತ ಹೆಚ್ಚು ಸಲ ಜಿಗಿದಿವೆ.

ಕೊಂಬೆಗಳು ಕಡಿಮೆಯಿದ್ದಾಗ ಇಂಥ ವೃಕ್ಷ ದಾರಿ ತಪ್ಪಿಸುತ್ತದೆ. 1991ರಲ್ಲಿ ಕೆಲವೇ ಪ್ರಭೇದಗಳನ್ನು ಹೋಲಿಸಿ, ಮನುಷ್ಯರ ಅತಿ ಅಪಾಯದ ಫಾಲ್ಸಿಪಾರಂ ಹಕ್ಕಿಗಳಿಂದ ಬಂದಿರಬೇಕು ಎಂಬ ವಾದ ಬಂದಿತ್ತು. ಹೆಚ್ಚು ಪ್ರಭೇದಗಳು ಸೇರಿದಂತೆ ಆ ವಾದ ಬಿದ್ದುಹೋಯಿತು. 2010ರಲ್ಲಿ ಅದರ ಮೂಲ ಆಫ್ರಿಕಾದ ಗೊರಿಲ್ಲಾಗಳಲ್ಲಿದೆ ಎಂದು ತಿಳಿಯಿತು. ಹಲ್ಲಿಯ ಒಂದು ಹನಿ ರಕ್ತ ಮನುಷ್ಯರ ಕಾಯಿಲೆಯ ಇತಿಹಾಸಕ್ಕೆ ಬೇಕಾಗುವುದು ಹೀಗೆ.

ಬೇರೆ ಸರೀಸೃಪಗಳ ವಿಷಯ ಬೇಗ ಮುಗಿಯುತ್ತದೆ. ಹಾವುಗಳಲ್ಲಿ ಪ್ಲಾಸ್ಮೋಡಿಯಂ ತೀರಾ ಕಡಿಮೆ, ಬ್ರೆಜಿಲ್‌ನ ಹಾವುಗಳಿಂದ ವಿವರಿಸಿದ ಪ್ಲಾಸ್ಮೋಡಿಯಂ ವೆನ್ಯೋನಿಯಂಥ ಕೆಲವೇ ಪ್ರಭೇದಗಳು. ಆಮೆಗಳಲ್ಲಿ, ಕೆಲವು ಹಲ್ಲಿಗಳಲ್ಲಿ ಹೀಮೋಸಿಸ್ಟಿಡಿಯಂ ಎಂಬ ಸಂಬಂಧಿ ಕುಲ ಸಿಗುತ್ತದೆ. ಆ ಹೆಸರು ಬಂದದ್ದು 1904ರಲ್ಲಿ, ಸಿಲೋನಿನ ಒಂದು ಹಲ್ಲಿಯ ರಕ್ತದಿಂದ. ಅದೂ ಹಿಮೋಝೋಯಿನ್ ಕಾಳು ಬಿಡುತ್ತದೆ. ಆದರೆ ರಕ್ತಕಣದೊಳಗೆ ಒಡೆದು ಹೆಚ್ಚುವುದಿಲ್ಲ, ರಕ್ತದಲ್ಲಿ ಕಾಣುವುದು ಗ್ಯಾಮಿಟೋಸೈಟ್‌ಗಳು ಮಾತ್ರ. ಅದಕ್ಕೇ ಹಲವರು ಅದನ್ನು ಮಲೇರಿಯಾ ಎನ್ನಲು ಒಪ್ಪುವುದಿಲ್ಲ.

ಇನ್ನು ಆಗಬೇಕಾದ ದೊಡ್ಡ ಕೆಲಸ ಕೀಟಗಳದ್ದು. ಸುಮಾರು 100 ಪ್ರಭೇದಗಳಲ್ಲಿ ಹೊತ್ತೊಯ್ಯುವ ಕೀಟ ಇದೇ ಎಂದು ಗಟ್ಟಿಯಾಗಿ ತೋರಿಸಿರುವುದು ಕೆಲವೇ ಪ್ರಭೇದಗಳಿಗೆ. ಮೆಕ್ಸಿಕಾನಂಗೆ ಮರಳುನೊಣ, ಫ್ಲಾರಿಡಾದ ಅನೋಲಿಸ್‌ಗಳಲ್ಲಿರುವ ಫ್ಲೋರಿಡೆನ್ಸ್‌ಗೆ ಕ್ಯೂಲೆಕ್ಸ್ ಎರಾಟಿಕಸ್ ಸೊಳ್ಳೆ. ಇದನ್ನು ಪತ್ತೆ ಹಚ್ಚಲು ಅಡ್ಡದಾರಿಯಿಲ್ಲ. ಹಲ್ಲಿ ಮಲಗುವ ಜಾಗದಲ್ಲಿ ರಾತ್ರಿ ಕೀಟಗಳನ್ನು ಹಿಡಿಯಬೇಕು. ಹೊಟ್ಟೆಯಲ್ಲಿರುವ ರಕ್ತ ಯಾರದ್ದೆಂದು ಡಿಎನ್‌ಎಯಿಂದ ಗುರುತಿಸಬೇಕು. ಪರಾವಲಂಬಿಯ ಡಿಎನ್‌ಎ ಸಿಕ್ಕಿತೆಂದು ಅಲ್ಲಿಗೇ ನಿಲ್ಲುವಂತಿಲ್ಲ, ಅದು ಈಗಷ್ಟೇ ಹೀರಿದ ರಕ್ತದ್ದೂ ಆಗಿರಬಹುದು. ಹಿಡಿದ ಕೀಟವನ್ನು ದಿನಗಟ್ಟಲೆ ಬದುಕಿಸಿಟ್ಟು, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಅದರ ಜೊಲ್ಲುಗ್ರಂಥಿ ಬಿಡಿಸಿ, ಅಲ್ಲಿ ಸ್ಪೋರೋಝಾಯಿಟ್ ಇದೆಯೇ ಎಂದು ಕಣ್ಣಾರೆ ನೋಡಬೇಕು.